ರಾಂಚಿಯ ಫಾದರ್‌ಗಳು, ಮೈಸೂರಿನ ಫಾದರ್‌ಗಳು

ರಾಂಚಿ ಸುತ್ತಿನ ಹಳ್ಳಿಗಳಲ್ಲಿ ಹಳೇ ಕಾಲದ ಫಾದರ್‌ಗಳ ಮಾತು ತೆಗೆದರೆ ಮೊದಲು ಬರುವುದು ಕೋರ್ಟು, ಕಂದಾಯದ ರಸೀದಿ, ಜಮೀನ್ದಾರ. ಮೈಸೂರು ಮಂಡ್ಯದ ಕಡೆ ಅದೇ ಮಾತು ತೆಗೆದರೆ ಬರುವುದು ಕಾನ್ವೆಂಟು, ಇಂಗ್ಲಿಷು, ಶಿಸ್ತು. ಎರಡೂ ಕಡೆ ಬಂದವರು ಒಂದೇ ಕಥೋಲಿಕ ಸಭೆಯವರು. ನಾನು ಹುಟ್ಟಿದ್ದು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ನೌಕರಿಯ ಬಹುಪಾಲು ಸವೆಸಿದ್ದು ರಾಂಚಿಯಲ್ಲಿ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಚಟ ಅಂಟಿಕೊಂಡಿದೆ. ಟಿವಿಯಲ್ಲಿ ಮತಾಂತರದ ಜಗಳ ಬಂದಾಗಲೆಲ್ಲ ಇಲ್ಲಿನ ಸಹೋದ್ಯೋಗಿಗಳು "ನಿಮ್ಮ ಮೈಸೂರಲ್ಲಿ ಇಂಥ ರಗಳೆ ಕಮ್ಮಿಯಂತೆ?" ಎಂದು ಕೇಳುತ್ತಾರೆ. ಹೌದು ಎಂದು ಎದೆಯುಬ್ಬಿಸುವುದು ಸುಲಭ. ಆದರೆ ನಮ್ಮ ಕಡೆಯ ಆ ನೆಮ್ಮದಿ ಬಲು ಅಗ್ಗಕ್ಕೆ ಸಿಕ್ಕಿದ್ದು ಎಂಬುದು ನನ್ನ ಅನಿಸಿಕೆ. ಅಲ್ಲಿ ಮಿಷನರಿಗಳು ಉಳ್ಳವರ ಯಾವ ಗಂಟಿಗೂ ಕೈ ಹಾಕಲಿಲ್ಲ.

ನಮ್ಮ ಕಡೆಯ ಕಥೆ 17ನೇ ಶತಮಾನದ ನಡುವೆ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದಾಗ ಶುರುವಾಗುತ್ತದೆ. ಆದರೆ ಜನರ ನೆನಪಿನಲ್ಲಿ ಉಳಿದವರು ಅವರಲ್ಲ, ಅಬ್ಬೆ ದುಬಾಯ್. ಫ್ರಾನ್ಸಿನ ಈ ಪಾದ್ರಿ 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಚೆಲ್ಲಾಪಿಲ್ಲಿಯಾಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಿದರು. ಗಂಜಾಂನಲ್ಲಿ ಅವರ ಹೆಸರು ಹೊತ್ತ ಚರ್ಚು ಇವತ್ತಿಗೂ ಇದೆ. ಈ ನೆಲದ ಉಡುಪು ತೊಟ್ಟು, ಈ ನೆಲದ ಊಟ ಉಂಡು ಬಾಳಿದ ಅವರನ್ನು ಜನ ದೊಡ್ಡ ಸ್ವಾಮಿಯವರು ಎಂದು ಕರೆದರು. ಸಿಡುಬಿಗೆ ಲಸಿಕೆ ಹಾಕಿಸಲು 1803-04ರಲ್ಲಿ ಓಡಾಡಿದರು. ಹಾಸನದ ಕಡೆ ಸತ್ತಿಹಳ್ಳಿಯಲ್ಲಿ ನೆಲೆ ತಪ್ಪಿದ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ಊರು ಕಟ್ಟಿಕೊಟ್ಟರು. ಲಸಿಕೆಯ ವಿಷಯದಲ್ಲಿ ಅರಮನೆಯೂ ಹಿಂದೆ ಬಿದ್ದಿರಲಿಲ್ಲ. ತೋಮಸ್ ಹಿಕಿ 1805ರ ಸುಮಾರಿಗೆ ಬಿಡಿಸಿದ ಚಿತ್ರವೊಂದರಲ್ಲಿ ಸೆರಗು ಸರಿಸಿ ತೋಳು ತೋರುತ್ತಿರುವಾಕೆ ಮೈಸೂರಿನ ರಾಣಿ, ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತ್ತೀಚಿನ ಇತಿಹಾಸಕಾರರು ಗುರುತಿಸಿದ್ದಾರೆ.

ಅಷ್ಟೆಲ್ಲ ಮಾಡಿದ ದುಬಾಯ್ 1823ರಲ್ಲಿ ಊರಿಗೆ ಮರಳಿ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಹೋಗದ ಮಾತು ಎಂದು ಅಚ್ಚು ಹಾಕಿಸಿಯೇ ಬಿಟ್ಟರು. ಇಂಗ್ಲೆಂಡಿನ ಪ್ರಾಟೆಸ್ಟೆಂಟರು ಕೆಂಡಾಮಂಡಲವಾದರು. ನನಗೆ ದುಬಾಯ್ ಇಷ್ಟವಾಗುವುದು ಇದಕ್ಕೇ. ಜಾತಿಯ ಬಗ್ಗೆ, ಇಲ್ಲಿನ ಜನರ ಬಗ್ಗೆ ಅವರು ಬರೆದದ್ದರಲ್ಲಿ ಓದಿದರೆ ಸಿಟ್ಟು ಬರುವಂಥದ್ದು ಬೇಕಾದಷ್ಟಿದೆ. ಆದರೂ ತಾನು ನಂಬಿ ಬಂದ ಕೆಲಸ ಕೈಗೂಡಲಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮಿಷನರಿಗಳು ವಿರಳ.

ಆಮೇಲಿನದು ಅರಮನೆಯ ನೆರಳಿನ ಕಥೆ. ಮೈಸೂರಿನ ಹಳೆಯ ಚರ್ಚು ಎದ್ದದ್ದು 1843ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಈಗಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿಯವರು. ಬಿಷಪ್ ಇದ್ದೂ ಮಹಾರಾಜರು ಕಲ್ಲಿಟ್ಟರು, ಅದರಲ್ಲಿ ಯಾರಿಗೂ ವಿಚಿತ್ರ ಕಾಣಲಿಲ್ಲ. ಕಥೋಲಿಕರಾದ ಟಿ.ಆರ್.ಎ. ತಂಬುಚೆಟ್ಟಿ ಹಂಗಾಮಿ ದಿವಾನರಾಗಿದ್ದ ಸಂಸ್ಥಾನವದು. ನಮ್ಮ ಕಡೆ ಚರ್ಚು ಅರಮನೆಯ ಅತಿಥಿ. ಅತಿಥಿ ಎಂದಾದರೂ ಮನೆಯ ಲೆಕ್ಕಪತ್ರ ಕೇಳುತ್ತಾನೆಯೇ?

ಕೇಳುವ ಅಗತ್ಯವೂ ಅಷ್ಟಾಗಿ ಬೀಳಲಿಲ್ಲ ಎನ್ನಬೇಕು. ಸಹಕಾರ ಸಂಘಗಳ ಕಾನೂನನ್ನು 1905ರಲ್ಲೇ ಸಂಸ್ಥಾನ ತಂದಿತ್ತು. ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೊಡಲು 1918ರಲ್ಲಿ ಮಿಲ್ಲರ್ ಸಮಿತಿ ಕೂತಿತು. ಕನ್ನಂಬಾಡಿ ಕಟ್ಟೆಯ ನಾಲೆ ಮಂಡ್ಯದ ಬರಡು ಹೊಲಗಳಿಗೆ ಬಂತು, ಹಿಂದೆಯೇ ಸಕ್ಕರೆ ಕಾರ್ಖಾನೆ ಬಂತು. ಗೇಣಿದಾರರಿಗೆ ಭೂಮಿ ಕೊಡಿಸಲು 1974ರಲ್ಲಿ ದೇವರಾಜ ಅರಸರೇ ಹೊರಟರು. ಹಾಸ್ಟೆಲು, ಅನ್ನ, ಶಾಲೆಗಳನ್ನು ಮಠಗಳು ಹೊತ್ತುಕೊಂಡವು: ನಂಜನಗೂಡು ತಾಲ್ಲೂಕಿನ ಸುತ್ತೂರು, ನಾಗಮಂಗಲದ ಆದಿಚುಂಚನಗಿರಿ. ರಾಂಚಿಯಲ್ಲಿ ಮಿಷನ್ ಮಾಡಿದ ಅರ್ಧ ಕೆಲಸವನ್ನು ನಮ್ಮಲ್ಲಿ ಮಠಗಳು ಮಾಡಿವೆ. ಉಳಿದದ್ದು ಇಂಗ್ಲಿಷ್ ಶಾಲೆ. ಅದಕ್ಕೂ ಈಗ ಚರ್ಚು ಬೇಕಿಲ್ಲ. ಮಂಡ್ಯದಲ್ಲಿ ಊರ ದೇವರ ಹೆಸರಿನ ಮುಂದೆಯೇ ಕಾನ್ವೆಂಟ್ ಎಂದು ಬೋರ್ಡು ಬರೆಸಿರುತ್ತಾರೆ, ಒಳಗೆ ಕ್ರೈಸ್ತರು ಹುಡುಕಿದರೂ ಸಿಗುವುದಿಲ್ಲ.

ರಾಂಚಿ ಸುತ್ತಿನ ಛೋಟಾನಾಗಪುರ ಸೀಮೆಯಲ್ಲಿ ಹೀಗೆ ಕಾಯುವ ಅರಮನೆ ಇರಲಿಲ್ಲ. ಅಲ್ಲಿದ್ದ ರಾಜರು, ಜಾಗೀರದಾರರೇ ಮುಂಡಾ, ಉರಾಂವ್ ಆದಿವಾಸಿಗಳು ಕಾಡು ಕಡಿದು ಮಾಡಿದ ಹೊಲಗಳನ್ನು ಹೊರಗಿನ ಗುತ್ತಿಗೆದಾರರಿಗೆ ಬರೆದುಕೊಡುತ್ತಿದ್ದರು. ಬಿಟ್ಟಿ ಚಾಕರಿ ಬೇರೆ. 1885ರಲ್ಲಿ ಬೆಲ್ಜಿಯಂನ ಜೆಸ್ವಿಟ್ ಕಾನ್‌ಸ್ಟಂಟ್ ಲೀವೆನ್ಸ್ ತೋರ್ಪಾ ಎಂಬ ಊರಿಗೆ ಬಂದಾಗ ಅವರ ಬೋಧನೆ ಕೇಳುವವರು ಹೆಚ್ಚಿರಲಿಲ್ಲ. ಆತ ಗೇಣಿ ಕಾನೂನು ಓದಿಕೊಂಡರು. ನ್ಯಾಯವಾಗಿ ಎಷ್ಟು ಕೊಡಬೇಕು, ರಸೀದಿ ಕೇಳದೆ ಯಾಕೆ ಕೊಡಬಾರದು ಎಂದು ಹೇಳಿಕೊಟ್ಟರು. ಕೋರ್ಟಿನಲ್ಲಿ ಬೆನ್ನಿಗೆ ನಿಂತರು. ಏಳು ವರ್ಷದಲ್ಲಿ ಹಳ್ಳಿಗೆ ಹಳ್ಳಿಯೇ ಜ್ಞಾನಸ್ನಾನಕ್ಕೆ ಬಂತು, ಹತ್ತಾರು ಸಾವಿರ ಜನ. ಕ್ಷಯ ತಗುಲಿ ಊರಿಗೆ ಮರಳಿದ ಲೀವೆನ್ಸ್ 1893ರಲ್ಲಿ ತೀರಿಕೊಂಡರು. ಅವರು ಹೋದ ಮೇಲೆ ಹಲವರು ಹಳೆಯ ದೇವರಿಗೆ ವಾಪಸಾದರು.

ಇದು ನಂಬಿಕೆಯೋ ವ್ಯವಹಾರವೋ? ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತವರಿಗೆ ಉತ್ತರ ಥಟ್ಟನೆ ಸಿಗುತ್ತದೆ. ಹೊಲ ಕಳಕೊಂಡವನಿಗೆ ಹೊಲ ಉಳಿಸಿಕೊಟ್ಟವನ ದೇವರು ದೊಡ್ಡವನಾಗಿ ಕಂಡರೆ ಅದು ಮೋಸವಲ್ಲ. ನಮ್ಮ ಕಡೆ ಬೋರ್‌ವೆಲ್‌ನಲ್ಲಿ ನೀರು ಬಂದರೆ ಚುಂಚನಕಟ್ಟೆ ರಾಮನಿಗೂ ಹರಕೆ, ಡೋರ್ನಹಳ್ಳಿ ಅಂತೋಣಿಯವರಿಗೂ ಹರಕೆ. ದೇವರ ಜತೆ ಲೆಕ್ಕಾಚಾರ ಇಟ್ಟುಕೊಳ್ಳದ ಬಡವರನ್ನು ನಾನಂತೂ ಕಂಡಿಲ್ಲ, ಸಾಹುಕಾರರನ್ನೂ ಕಂಡಿಲ್ಲ.

ಲೀವೆನ್ಸ್ ನಂತರ ಬಂದ ಜರ್ಮನಿಯ ಜಾನ್ ಹಾಫ್‌ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮುಂಡಾರಿ ಭಾಷೆ ಕಲಿತು, ಮುಂಡಾ ಜನರ ಭೂಪದ್ಧತಿ ಹೇಗೆ ನಡೆಯುತ್ತದೆಂದು ಸರ್ಕಾರಕ್ಕೆ ಬರೆದುಕೊಟ್ಟರು. 1908ರ ಛೋಟಾನಾಗಪುರ ಗೇಣಿ ಕಾನೂನಿನ ಹಿಂದೆ ಅವರ ಕೈ ಇದೆ. ಆದಿವಾಸಿಯ ಭೂಮಿ ಹೊರಗಿನವರಿಗೆ ಮನಸೋ ಇಚ್ಛೆ ಪರಭಾರೆ ಆಗದಂತೆ ಕಟ್ಟಿಹಾಕಿದ ಕಾನೂನು ಅದು. ಮರುವರ್ಷ ಸಾಲದ ಸಹಕಾರ ಸಂಘವನ್ನೂ ಕಟ್ಟಿದರು. ಹಾಗೆಂದು ಯಶಸ್ಸನ್ನೆಲ್ಲ ಫಾದರ್ ತಲೆಗೆ ಕಟ್ಟುವುದು ತಪ್ಪು. ಆದಿವಾಸಿ ನಾಯಕ ಬಿರ್ಸಾ ಮುಂಡಾನ ದಂಗೆ ಸರ್ಕಾರವನ್ನು ನಡುಗಿಸದೇ ಹೋಗಿದ್ದರೆ ಕಾನೂನು ಬರುತ್ತಿರಲಿಲ್ಲ. ಆ ಬಿರ್ಸಾ ಓದಿದ್ದು ಚಾಯಿಬಾಸಾದ ಜರ್ಮನ್ ಮಿಷನ್ ಶಾಲೆಯಲ್ಲಿ, ಆಮೇಲೆ ತಿರುಗಿಬಿದ್ದದ್ದು ಮಿಷನ್ ವಿರುದ್ಧವೂ ಹೌದು. 1899ರ ಕ್ರಿಸ್ಮಸ್ ಹಿಂದಿನ ದಿನ ಹಾಫ್‌ಮನ್ ಇದ್ದ ಸರ್ವದಾ ಮಿಷನ್ ಮೇಲೂ ಬಾಣಗಳು ಬಿದ್ದವು. ಬಾಣ ಬಿಟ್ಟವರ ಹೊಲ ಉಳಿಸುವ ಕಾನೂನಿಗೆ ಅದೇ ಫಾದರ್ ಮುಂದೆ ದುಡಿದರು.

ಈ ಕಾನೂನು ಸಡಿಲಿಸಲು ಜಾರ್ಖಂಡ್ ರಾಜ್ಯ ಸರ್ಕಾರ ಹೊರಟಾಗ, 2017ರಲ್ಲಿ ಮಸೂದೆಯನ್ನು ವಾಪಸ್ ಕಳಿಸಿದವರು ಆಗ ರಾಜ್ಯಪಾಲರಾಗಿದ್ದ ದ್ರೌಪದಿ ಮುರ್ಮು. ಬೀದಿಗಿಳಿದವರಲ್ಲಿ ಹಿರಿಯರ ಕಾಲದ ಸರ್ನಾ ಧರ್ಮವನ್ನೇ ಪಾಲಿಸುವ ಆದಿವಾಸಿಗಳೂ ಇದ್ದರು, ಕ್ರೈಸ್ತ ಆದಿವಾಸಿಗಳೂ ಇದ್ದರು. ಹೊಲದ ವಿಷಯಕ್ಕೆ ಒಟ್ಟಿಗೆ ನಿಲ್ಲುವ ಇವರೇ ಮೀಸಲಾತಿಯ ವಿಷಯಕ್ಕೆ ಎದುರುಬದುರಾಗುತ್ತಾರೆ. ಮತಾಂತರ ಆದವರನ್ನು ಪರಿಶಿಷ್ಟ ಪಂಗಡದ ಪಟ್ಟಿಯಿಂದ ಕೈಬಿಡಿ ಎಂಬ ಕೂಗು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಒಂದೇ ಅಂಗಳದಲ್ಲಿ ಬೆಳೆದ ದಾಯಾದಿಗಳು ಮದುವೆ, ಮಣ್ಣಿನ ಕಾರ್ಯಗಳಲ್ಲಿ ಬೇರೆಯಾಗುವುದನ್ನು ನೋಡಿದ್ದೇನೆ. 2011ರ ಜನಗಣತಿಯಲ್ಲಿ ಜಾರ್ಖಂಡಿನ ಕ್ರೈಸ್ತರು ಶೇ. 4.3ರಷ್ಟು, ಸರ್ನಾ ಮೊದಲಾದ ಇತರ ಧರ್ಮ ಎಂದು ಬರೆಸಿದವರು ಅದರ ಮೂರು ಪಟ್ಟು. ಜನಗಣತಿಯಲ್ಲಿ ಸರ್ನಾಕ್ಕೆ ಪ್ರತ್ಯೇಕ ಕೋಡ್ ಕೊಡಿ ಎಂದು ವಿಧಾನಸಭೆ 2020ರಲ್ಲಿ ನಿರ್ಣಯ ಮಾಡಿತು. ಗುಮ್ಲಾ ಕಡೆಯ ಉರಾಂವ್ ಸಹೋದ್ಯೋಗಿಯೊಬ್ಬರು ಒಮ್ಮೆ ಹೇಳಿದರು: "ಫಾದರ್ ನಮ್ಮಜ್ಜನಿಗೆ ಹೊಲ ಉಳಿಸಿಕೊಟ್ಟರು, ನಮ್ಮ ಸರಹುಲ್ ಹಬ್ಬ ಬಿಡಿಸಿದರು. ಮೊದಲನೆಯದಕ್ಕೆ ಕೈ ಮುಗಿಯುತ್ತೇನೆ, ಎರಡನೆಯದಕ್ಕೆ ಯಾಕೆ ಮುಗಿಯಲಿ?" ಅವರು ಇವತ್ತಿಗೂ ಭಾನುವಾರ ತಪ್ಪದೆ ಚರ್ಚಿನ ಪೂಜೆಗೆ ಹೋಗುವವರು. ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೇರೆ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ತಾನು ತಳ್ಳಿಹಾಕುವುದಿಲ್ಲ ಎಂದು ಹೇಳಿತು. ಎಂಬತ್ತು ವರ್ಷ ಮುಂಚೆ ಹೇಳಿದ್ದರೆ ಎಷ್ಟೋ ಹಳ್ಳಿಗಳ ಕುಣಿತದ ಅಂಗಳವಾದ ಅಖಾಡಾಗಳಲ್ಲಿ ಮಾಂದರ್ ಮದ್ದಳೆಯ ಸದ್ದು ನಿಲ್ಲುತ್ತಿರಲಿಲ್ಲ.

ಮಂಡ್ಯದ ದಲಿತ ಕೇರಿಯವರ ಲೆಕ್ಕವೇ ಬೇರೆ. ಜಾರ್ಖಂಡಿನ ಆದಿವಾಸಿ ಕ್ರೈಸ್ತನಾದರೂ ಪರಿಶಿಷ್ಟ ಪಂಗಡದಲ್ಲೇ ಉಳಿಯುತ್ತಾನೆ. ಮಳವಳ್ಳಿಯ ದಲಿತ ಕ್ರೈಸ್ತನಾದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯಿಂದ ಹೊರಗೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 1ಕ್ಕೆ ಬೀಳುತ್ತಾನೆ. ಹೋಗಲಿ, ಒಳಗೆ ಹೋದ ಮೇಲಾದರೂ ಜಾತಿ ಬಿಟ್ಟಿತೇ? ತಮಿಳುನಾಡಿನ ಕಡೆ ಸ್ಮಶಾನದಲ್ಲೇ ಗೋಡೆ ಎದ್ದ ಕಥೆಗಳಿವೆ. ಭಾರತದ ಬಿಷಪರ ಮಂಡಳಿಯೇ 2016ರಲ್ಲಿ, ತಮ್ಮೊಳಗೆ ಅಸ್ಪೃಶ್ಯತೆ ಇದೆ, ಅದು ಘೋರ ಪಾಪ ಎಂದು ಬರೆದುಕೊಳ್ಳಬೇಕಾಯಿತು. ಇತ್ತ ಛೋಟಾನಾಗಪುರದ ಆದಿವಾಸಿಗೆ 1908ರಲ್ಲಿ ಸಿಕ್ಕಂಥ ಕಾವಲು ನಮ್ಮ ದಲಿತರ ಮಂಜೂರಾದ ಜಮೀನಿಗೆ ಸಿಕ್ಕಿದ್ದು ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಿಂದ. ನಡುವೆ 70 ವರ್ಷ. ಆ 70 ವರ್ಷ ನಮ್ಮ ಅರಮನೆ ಒಳ್ಳೆಯದಿತ್ತು, ಮಠಗಳು ಒಳ್ಳೆಯವಿದ್ದವು, ಕಾನ್ವೆಂಟಿನ ಸಿಸ್ಟರ್‌ಗಳೂ ಒಳ್ಳೆಯವರೇ ಇದ್ದರು, ಕೇರಿಯ ಜಮೀನು ಮಾತ್ರ ಗೌಡರ ಗದ್ದೆಗೆ ಸೇರಿಕೊಳ್ಳುತ್ತಿತ್ತು. ಸೌಹಾರ್ದ ಚೆನ್ನಾಗಿತ್ತು ಎನ್ನುವಾಗ ಇದನ್ನೂ ಜತೆಗೆ ಹೇಳಬೇಕಲ್ಲ.

ಇಂಥ ನಾಡಿಗೆ ಮತಾಂತರದ ಕಾನೂನು ಬಂತು. ಜಾರ್ಖಂಡಿನಲ್ಲಿ 2017ರಲ್ಲಿ, ಕರ್ನಾಟಕದಲ್ಲಿ 2022ರಲ್ಲಿ. ಧರ್ಮ ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲೇ ಹೇಳಿತ್ತು. ಬೆದರಿಕೆ, ಬಲವಂತಕ್ಕೆ ಶಿಕ್ಷೆ ಇರಲಿ, ನನ್ನ ತಕರಾರಿಲ್ಲ. ಆದರೆ ನಮ್ಮ ಕಾನೂನು ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಹೆಂಗಸರು, ದಲಿತರು, ಆದಿವಾಸಿಗಳನ್ನು ಅಪ್ರಾಪ್ತರ ಜತೆ ಒಂದೇ ಸಾಲಿನಲ್ಲಿ ಕೂರಿಸಿ, ಅವರ ಅಕ್ರಮ ಮತಾಂತರಕ್ಕೆ 10 ವರ್ಷದ ತನಕ ಜೈಲು ಎಂದಿತು. ಜಾರ್ಖಂಡಿನದೂ ಅದೇ ಧಾಟಿ, ಶಿಕ್ಷೆ ಮಾತ್ರ 4 ವರ್ಷದ ತನಕ. ಸಾಲ ಯಾವ ಸಂಘದಲ್ಲಿ ತೆಗೆಯಬೇಕು, ಬೆಲ್ಲ ಯಾವ ಆಲೆಮನೆಗೆ ಕೊಡಬೇಕು, ಮಗಳನ್ನು ಎಲ್ಲಿ ಓದಿಸಬೇಕು ಎಂದು ತೀರ್ಮಾನಿಸುವ ಹೆಂಗಸಿಗೆ ಯಾವ ದೇವರಿಗೆ ಕೈ ಮುಗಿಯಬೇಕೆಂದು ಮಾತ್ರ ತಿಳಿಯದೇ? 2023ರ ಜೂನ್‌ನಲ್ಲಿ ಕರ್ನಾಟಕದ ಹೊಸ ಸಂಪುಟ ನಮ್ಮ ಕಾನೂನನ್ನು ಹಿಂಪಡೆಯಲು ತೀರ್ಮಾನಿಸಿತು. ಹಿಂಪಡೆದರೂ ಬಿಟ್ಟರೂ, ಅದು ಬಿತ್ತಿದ ಅನುಮಾನ ಹಳ್ಳಿಯಲ್ಲಿ ಉಳಿದಿದೆ. ಊರಿಗೆ ಹೋದಾಗ, ಕೇರಿಯಲ್ಲಿ ಟ್ಯೂಷನ್ ಮಾಡುವ ಸಿಸ್ಟರ್ ಒಬ್ಬರನ್ನು "ಏನಮ್ಮ, ಯಾಕೆ ಬರ್ತೀರಿ ಇಲ್ಲಿಗೆ?" ಎಂದು ಪಡ್ಡೆ ಹುಡುಗರು ತಡೆದು ಕೇಳಿದ್ದನ್ನು ನನ್ನ ತಂಗಿ ಹೇಳಿದಳು. ಆ ಹುಡುಗರಲ್ಲಿ ಒಬ್ಬ ಮಠದ ಹಾಸ್ಟೆಲಿನಲ್ಲಿ ಪುಕ್ಕಟೆ ಓದಿದವನು.

ಕೆ.ಆರ್. ನಗರದ ಪಕ್ಕದ ಡೋರ್ನಹಳ್ಳಿಗೆ ಜೂನ್ 13ರ ಹಬ್ಬಕ್ಕೆ ಹೋದವರಿಗೆ ಈ ಭಯ ಎಷ್ಟು ಪೊಳ್ಳು ಎಂದು ತಿಳಿಯುತ್ತದೆ. ಹೊಲ ಉಳುವಾಗ ರೈತನೊಬ್ಬನಿಗೆ ಸಂತ ಅಂತೋಣಿಯವರ ಮೂರ್ತಿ ಸಿಕ್ಕಿತು ಎಂಬುದು ಅಲ್ಲಿನ ಕಥೆ. ನಮ್ಮ ಅರ್ಧ ದೇವರುಗಳು ಸಿಕ್ಕಿದ್ದೇ ಹಾಗೆ. 2019ರಲ್ಲಿ ರೋಮ್ ಅದಕ್ಕೆ ಬೆಸಿಲಿಕಾ ಪದವಿ ಕೊಟ್ಟಿತು. ನಮ್ಮಜ್ಜಿಗೆ ರೋಮೂ ಗೊತ್ತಿರಲಿಲ್ಲ, ಪದವಿಯೂ ಗೊತ್ತಿರಲಿಲ್ಲ. ಎಮ್ಮೆ ಕಳೆದಾಗ ಮೇಣದ ಬತ್ತಿ ಹಚ್ಚಲು ಹೋಗುತ್ತಿದ್ದಳು, ಬಂದು ಮನೆದೇವರಿಗೆ ದೀಪ ಹಚ್ಚುತ್ತಿದ್ದಳು. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇ. 1.87. ಸುಮಾರು ನಾಲ್ಕು ಶತಮಾನದ ಮಿಷನ್ನಿನ ಫಲ ಇಷ್ಟು. ದುಬಾಯ್ ಮಾತು ಈ ಸೀಮೆಯ ಮಟ್ಟಿಗೆ ನಿಜವೇ ಆಯಿತು.

ಹಾಗಾಗಿ ನಮ್ಮ ಮಿಷನ್‌ಗಳನ್ನೂ ಮಠಗಳನ್ನೂ ನಾನು ಕೇಳುವುದು ಎಷ್ಟು ಜನರನ್ನು ಸೇರಿಸಿಕೊಂಡಿರಿ ಎಂದಲ್ಲ, ಯಾವ ಕಚೇರಿಯ ಮೆಟ್ಟಿಲು ಹತ್ತಿದಿರಿ ಎಂದು. ಅದಕ್ಕೆ ಜಾಗ ಬೇಕಿದ್ದರೆ ಎಚ್.ಡಿ. ಕೋಟೆ, ಹುಣಸೂರು ಇವೆ. ಹುಲಿ ಯೋಜನೆ, ಕಬಿನಿ ಜಲಾಶಯಗಳ ಕಾಲದಲ್ಲಿ ಕಾಡಿನಿಂದ ಎಬ್ಬಿಸಿದ ಜೇನುಕುರುಬರು, ಕಾಡುಕುರುಬರು ರಸ್ತೆ ಬದಿಯ ಹಾಡಿಗಳಲ್ಲಿ ಕೂತು, ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದಾರೆ. ಹೈಕೋರ್ಟ್ ಆದೇಶದ ಮೇಲೆ ಮೈಸೂರು ವಿಶ್ವವಿದ್ಯಾಲಯದ ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ ನಾಗರಹೊಳೆಯಿಂದ ಎತ್ತಂಗಡಿಯಾದ 3,418 ಕುಟುಂಬಗಳನ್ನು ಗುರುತಿಸಿ 2014ರಲ್ಲಿ ವರದಿ ಕೊಟ್ಟಿತು. ಅಲ್ಲಿ ಆಸ್ಪತ್ರೆ, ಶಾಲೆ ಕಟ್ಟಿದವರಿದ್ದಾರೆ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ಡಾಕ್ಟರುಗಳು 1980ರ ದಶಕದಿಂದ ಮಾಡಿದ ಕೆಲಸ ಸಣ್ಣದಲ್ಲ. ಹೊಲಕ್ಕಾಗಿ ಹೋರಾಡುತ್ತ ಬಂದವರು ಮುಖ್ಯವಾಗಿ ಆದಿವಾಸಿಗಳ ಸ್ವಂತ ಸಂಘಟನೆಗಳು. ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಬರೆಯಲು, ಸರ್ವೆ ನಂಬರು ಹುಡುಕಲು, ತಿರಸ್ಕೃತ ಅರ್ಜಿಗೆ ಮೇಲ್ಮನವಿ ಹಾಕಲು ಅವರಿಗೆ ಜನ ಬೇಕು. ಮೈಸೂರಿನಲ್ಲಿ ಮಠಕ್ಕೂ ಲಾ ಕಾಲೇಜಿದೆ, ಧರ್ಮಪ್ರಾಂತ್ಯಕ್ಕೂ ಓದಿದ ಫಾದರ್‌ಗಳ ಕೊರತೆಯಿಲ್ಲ. ಕಾಯ್ದೆ ಓದಿಕೊಂಡು ಹಾಡಿಗೆ ಹೋಗುವವರು ಕಾವಿಯಲ್ಲಾದರೂ ಹೋಗಲಿ, ಬಿಳಿ ನಿಲುವಂಗಿಯಲ್ಲಾದರೂ ಹೋಗಲಿ. ಹೋದ ದಿನ ಅರಣ್ಯ ಇಲಾಖೆಗೂ ಎಸ್ಟೇಟ್ ಮಾಲೀಕರಿಗೂ ಸಿಟ್ಟು ಬರುತ್ತದೆ, ಮತಾಂತರದ ದೂರೂ ಬರಬಹುದು. ರಾಂಚಿಯಲ್ಲಿ ಅದು ಬರದ ವರ್ಷವೇ ಇಲ್ಲ.