ಮೊವರ್ ನಿಲ್ಲಿಸಿದರೆ ಬರುವುದು ತುಂಬೆಯಲ್ಲ, ಪಾರ್ಥೇನಿಯಂ

"ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ, ನಾಡಿನ ಹೂಗಳು ತಾವಾಗಿ ಬರುತ್ತವೆ" ಎಂದು, ಲಾನ್ ಜಾಗದಲ್ಲಿ ಕಾಡುಹೂ ಬೆಳೆಸುವ ಬಗ್ಗೆ ಬಂದ ಲೇಖನವೊಂದು ಹೇಳುತ್ತದೆ. ಆ ಮಾತು ಬೆಂಗಳೂರಿಗೆ ಹೊಂದುವುದಿಲ್ಲ. ಇಲ್ಲಿ ಮೊದಲ ಮಳೆಗೆ ಮೇಲೇಳುವುದು ಪಾರ್ಥೇನಿಯಂ, ಹಿಂದೆಯೇ ಗಿನಿ ಹುಲ್ಲು. ಹೊರಗಿನಿಂದ ಕೆಂಪು ಮಣ್ಣು ತಂದು ಸುರಿದ ಸೈಟಾದರೆ ಈ ಕಳೆಗಳ ಬೀಜ ಆಗಲೇ ಮಣ್ಣಿನಲ್ಲಿರುತ್ತದೆ.

ಲಾನ್ ಕೊರಿಯನ್ ಹುಲ್ಲಿನದಾದರೆ ಬೇರಿನ ಪದರವನ್ನು ಗುದ್ದಲಿಯಿಂದ ಎತ್ತಿ ತೆಗೆಯಬಹುದು. ಗರಿಕೆಯೇ ಕಷ್ಟ: ನೆಲದೊಳಗೆ ಒಂದು ಗೆಣ್ಣು ಉಳಿದರೂ ಮತ್ತೆ ಹಬ್ಬುತ್ತದೆ. ಒಂದು ಗೇಣು ಆಳ ಅಗೆದು ಆರಿಸಿ, ಮಾರ್ಚ್‌ನಲ್ಲಿ ಮಣ್ಣು ಚೆನ್ನಾಗಿ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚುಗಳನ್ನು ಮಣ್ಣಲ್ಲಿ ಹೂತು ಬಿಸಿಲ ಕಾವಿಗೆ 6 ವಾರ ಬಿಡಿ. ಮರದ ನೆರಳಿದ್ದಲ್ಲಿ ಇದು ಕೆಲಸ ಮಾಡದು, ಅಲ್ಲಿ ಕೈಯಿಂದ ಕೀಳುವುದೇ ದಾರಿ.

ಗೊಬ್ಬರ ಹಾಕಲೇಬೇಡಿ. ಫಲವತ್ತು ಹೆಚ್ಚಿದಷ್ಟೂ ಕಳೆ ಗೆಲ್ಲುತ್ತದೆ. ತುಂಬೆ, ವಿಷ್ಣುಕ್ರಾಂತಿ ಬಡ ಮಣ್ಣಿನಲ್ಲೇ ಚೆನ್ನ. ಜೂನ್‌ನಲ್ಲಿ ಒಂದು ಪಾಲು ಬೀಜಕ್ಕೆ ಐದು ಪಾಲು ಮರಳು ಬೆರೆಸಿ ಎರಚಿ, ಕಾಲಿಂದ ಮೆಲ್ಲಗೆ ತುಳಿದರೆ ಸಾಕು, ಹೂಳಬೇಡಿ. ತಂಗಡಿ ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಲ್ಲಿ ಹಾಕಿ ಒಂದು ರಾತ್ರಿ ನೆನೆಸಬೇಕು.

ಇನ್ನು, ಅಂಗಡಿಯ "ಕಾಡುಹೂ" ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಸಿಗುವ ಕಾಸ್ಮಾಸ್, ಜಿನಿಯಾ ಎರಡೂ ಮೆಕ್ಸಿಕೋ ಕಡೆಯವು. ನೋಡಲು ಚೆಂದ, ನಿಜ. ಆದರೆ ತಂಗಡಿ ಎಲೆಯ ಮೇಲೆ ಬೆಳೆಯುವ ಚಿಟ್ಟೆಯ ಹುಳುವಿಗೆ ಅವು ಆಹಾರವಾಗುವುದಿಲ್ಲ.

ಮೊದಲ ವರ್ಷವಿಡೀ ವಾರಕ್ಕೊಮ್ಮೆ ಪಾರ್ಥೇನಿಯಂ ಸಸಿಗಳನ್ನು ಕೈಗವಸು ತೊಟ್ಟು, ಹೂ ಬಿಡುವ ಮುನ್ನವೇ ಬೇರುಸಹಿತ ಕೀಳಬೇಕು. ನಾಡಿನ ಹೂಗಿಡಗಳ ಕಟಾವು ಜನವರಿಯಲ್ಲಿ, ಅವುಗಳ ಬೀಜ ಉದುರಿದ ಮೇಲೆ.