"ಇದು ಇಂಡಿಯನ್ ಚಿತ್ರ ಅಲ್ಲ" ಅನ್ನೋಕೆ ಅವ್ರ್ಯಾರು?

ಹೋದ್ ವಾರ ಸಾಗರದಿಂದ ಅಕ್ಕನ ಮಗಳು ಫೋನ್ ಮಾಡಿ, "ಚಿಕ್ಕಿ, ಫೈನ್ ಆರ್ಟ್ಸ್ ಓದೋಕೆ ಅಮೆರಿಕಾದಲ್ಲಿ ಒಳ್ಳೇ ಕಾಲೇಜ್ ಯಾವ್ದು" ಅಂದ್ಲು. ನಾನು ನ್ಯೂಯಾರ್ಕ್ ಕಡೇದು ಹೇಳ್ತೀನಿ ಅನ್ಕೊಂಡಿದ್ಲೇನೋ, ಆದ್ರೆ ನನ್ ಬಾಯಿಗೆ ಮೊದ್ಲು ಬಂದಿದ್ದು ನಮ್ಮ ನ್ಯೂ ಮೆಕ್ಸಿಕೋದ ಸ್ಯಾಂಟಾ ಫೆಯಲ್ಲಿರೋ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕನ್ ಇಂಡಿಯನ್ ಆರ್ಟ್ಸ್. ಇಲ್ಲಿ ಇಂಡಿಯನ್ ಅಂದ್ರೆ ನಾವಲ್ಲ, ಅಮೆರಿಕಾದ ಮೂಲನಿವಾಸಿ ಬುಡಕಟ್ಟಿನವ್ರು. "ಬುಡಕಟ್ಟಿನವ್ರ ಕಾಲೇಜಾ? ಅಲ್ಲಿ ಬುಟ್ಟಿ ಹೆಣೆಯೋದು, ಮಣಿ ಪೋಣ್ಸೋದು ಹೇಳ್ಕೊಡ್ತಾರಾ?" ಅಂತ ಕೇಳಿದ್ಲು. ಅವಳ ತಪ್ಪಲ್ಲ ಬಿಡಿ, ಆದ್ರೆ ಆ ಮಾತು ತಲೇಲೇ ಕೂತ್ಬಿಡ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

1879ರಲ್ಲಿ ಕಾರ್ಲೈಲ್ ಅನ್ನೋ ಬೋರ್ಡಿಂಗ್ ಸ್ಕೂಲ್ ಶುರುವಾಯ್ತು. ಈ ಬುಡಕಟ್ಟುಗಳ ಮಕ್ಕಳನ್ನ ಮನೆಯಿಂದ ದೂರ ಕರ್ಕೊಂಡ್ ಹೋಗಿ, ಕೂದ್ಲು ಕತ್ತರಿಸಿ, ಅವ್ರ ಭಾಷೆ ಆಡಿದ್ರೆ ಶಿಕ್ಷೆ ಕೊಡೋ ಸ್ಕೂಲು. ಅಂಥ ಹಿನ್ನೆಲೆ ಇರೋ ಕಡೆ, 1932ರಲ್ಲಿ ಸ್ಯಾಂಟಾ ಫೆ ಇಂಡಿಯನ್ ಸ್ಕೂಲಲ್ಲಿ ಡೊರೊಥಿ ಡನ್ ಅನ್ನೋ ಟೀಚರ್ ನಿಮ್ ಜನರ ಬದುಕನ್ನೇ ಬರೀರಿ ಅಂತ ಪೇಂಟಿಂಗ್ ಸ್ಟುಡಿಯೋ ತೆಗೆದಿದ್ದು ಸಣ್ಣ ವಿಷಯ ಅಲ್ಲ. ಆದ್ರೆ ಸಪಾಟು ಬಣ್ಣ, ನೆರಳು ಬೇಡ, ಜಿಂಕೆ, ಕುಣಿತ, ಹಬ್ಬ, ಇದೇ ಇಂಡಿಯನ್ ಚಿತ್ರ ಅಂತ ಬೇರೂರಿಬಿಡ್ತು. ಅದೇ ಸ್ಟುಡಿಯೋದಲ್ಲಿ ಕಲಿತ, ಡಕೋಟಾ ಬುಡಕಟ್ಟಿನ ಕಲಾವಿದ ಆಸ್ಕರ್ ಹೋ ಮುಂದೆ ತನ್ನದೇ ದಾರಿ ಹಿಡಿದು 1958ರಲ್ಲಿ ಒಂದು ಚಿತ್ರ ಸ್ಪರ್ಧೆಗೆ ಕಳ್ಸಿದ್ರೆ, ಸಾಂಪ್ರದಾಯಿಕ ಇಂಡಿಯನ್ ಶೈಲಿ ಅಲ್ಲ ಅಂತ ವಾಪಸ್ ಹಾಕಿದ್ರು. ಡಕೋಟಾ ಮನುಷ್ಯ ಬರೆದಿದ್ದು ಇಂಡಿಯನ್ ಅಲ್ಲ ಅಂತೆ! ಇದನ್ನ ಓದಿದಾಗೆಲ್ಲ ನಂಗೆ ಹೊಟ್ಟೆ ಉರಿಯತ್ತೆ.

1962ರಲ್ಲಿ ಅದೇ ಸ್ಯಾಂಟಾ ಫೆ ಸ್ಕೂಲಿನ ಜಾಗದಲ್ಲೇ ಈ ಇನ್‌ಸ್ಟಿಟ್ಯೂಟ್ ಶುರುವಾಯ್ತು ನೋಡಿ. ಚೆರೋಕಿ ಜನಾಂಗದ ಲಾಯ್ಡ್ ಕೀವಾ ನ್ಯೂ ಕಲಾ ವಿಭಾಗಕ್ಕೆ ಮುಖ್ಯಸ್ಥರು, ಶಿಲ್ಪ ಕಲಿಸೋಕೆ ಅಪಾಚೆಯವ್ರಾದ ಅಲನ್ ಹೌಸರ್, ಮಣ್ಣಿನ ಕೆಲಸಕ್ಕೆ ಹೋಪಿಯವ್ರಾದ ಚಾರ್ಲ್ಸ್ ಲೊಲೋಮಾ. ಮೇಷ್ಟ್ರುಗಳೂ ತಮ್ಮವ್ರೇ, ಹಾಗಾಗಿ ಹುಡುಗ್ರಿಗೆ ತಾವು ಯಾರು ಅಂತ ಪ್ರೂವ್ ಮಾಡೋ ಕೆಲಸ ಉಳೀಲಿಲ್ಲ. ಟಿ. ಸಿ. ಕ್ಯಾನನ್ ಅನ್ನೋ ಕೈಯೊವಾ ಬುಡಕಟ್ಟಿನ ಹುಡುಗ ಅಲ್ಲಿ ಓದ್ತಿದ್ದಾಗ್ಲೇ, 1966ರಲ್ಲಿ, ಶಿಪ್‌ರಾಕ್ ಅನ್ನೋ ತಮ್ಮೂರಿಗೆ ವಾಪಸ್ ಹೊರಟ ನವಾಹೊ ಬುಡಕಟ್ಟಿನ ಗಂಡ ಹೆಂಡ್ತಿ ಚಿತ್ರ ಬರೆದ. ಅದ್ರಲ್ಲಿ ಜಿಂಕೇನೂ ಇಲ್ಲ, ಕುಣಿತಾನೂ ಇಲ್ಲ. 31ಕ್ಕೇ ಕಾರ್ ಆಕ್ಸಿಡೆಂಟಲ್ಲಿ ಹೋಗ್ಬಿಟ್ಟ, ಪಾಪ.

ಒಂದ್ಸಲ ಇಲ್ಲಿ ಮಡಕೆ ಮಾಡೋ ಒಬ್ಬ ಪ್ವೆಬ್ಲೋ ಬುಡಕಟ್ಟಿನ ಹುಡುಗಿ ಕೆಲಸ ನೋಡ್ತಾ ಗಂಟೆಗಟ್ಲೆ ನಿಂತಿದ್ದೆ. ಚಕ್ರ ಇಲ್ಲ. ಕೋಡುಬಳೆ ಹೊಸೆದ ಹಾಗೆ ಮಣ್ಣು ಹೊಸೆದು, ಸುತ್ತಿ ಸುತ್ತಿ ಏರಿಸ್ತಾಳೆ, ಆಮೇಲೆ ಹೆಬ್ಬೆರಳಷ್ಟು ದೊಡ್ಡ ಒಂದು ನುಣುಪು ಕಲ್ಲಲ್ಲಿ ಉಜ್ತಾಳೆ. ಆ ಕಲ್ಲು ಅಜ್ಜೀದಂತೆ, ಒಂದು ಕಡೆ ಬೆರಳಿನ ಹಳ್ಳಾನೇ ಬಿದ್ದಿತ್ತು. ಮಡಕೆ ಮೇಲೆ ಅವಳು ಬರೀತಿದ್ದಿದ್ದು ಮಾತ್ರ ಪೆಟ್ರೋಲ್ ಬಂಕು! ಅಜ್ಜಿ ಏನಂತಾರೆ ಅಂತ ಕೇಳಿದೆ. "ಮಣ್ಣು ಸರಿಯಾಗಿ ಒಣಗ್ಸಿದೀಯಾ ಅಂತಾರೆ, ಅಷ್ಟೇ" ಅಂದ್ಲು.

ನಮ್ ಕಡೆ ದೀವರ ಹೆಂಗಸ್ರು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಲ್ಲಿ, ಪುಂಡಿನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೀತಾರಲ್ಲ, ಅವ್ರನ್ನ ಫೈನ್ ಆರ್ಟ್ಸ್ ಕಾಲೇಜಿಗೆ ಒಂದು ದಿನದ ಡೆಮೋಗೆ ಕರೆದು ಶಾಲು ಹೊದಿಸಿ ಕಳ್ಸಿದ್ದನ್ನ ನಾನೇ ನೋಡಿದೀನಿ, ಆದ್ರೆ ಮೇಷ್ಟ್ರ ಕುರ್ಚಿ ಕೊಟ್ಟಿದ್ದನ್ನ ನೋಡಿಲ್ಲ. ಅವ್ರ ಮೊಮ್ಮಗಳು ಚಿತ್ತಾರದಲ್ಲಿ ಕೆಎಸ್‌ಆರ್‌ಟಿಸಿ ಬಸ್ ಬರೆದ್ರೆ "ಇದು ಚಿತ್ತಾರ ಅಲ್ಲ" ಅನ್ನೋಕೆ ನಾವೇ ಮೊದ್ಲು ನಿಂತಿರ್ತೀವಿ.

2025ರಲ್ಲಿ ವೈಟ್ ಹೌಸ್ ಬಜೆಟ್ ಪ್ರಸ್ತಾವದಲ್ಲಿ ಈ ಇನ್‌ಸ್ಟಿಟ್ಯೂಟಿಗೆ ಕೊಡೋ ದುಡ್ಡು ಪೂರ್ತಿ ನಿಲ್ಸೋ ಮಾತು ಬಂದಾಗ ನಂಗೆ ನಿದ್ದೆ ಬಂದಿರ್ಲಿಲ್ಲ, ನಿಜವಾಗ್ಲೂ. ಅಲ್ಲಿ ಬುಡಕಟ್ಟಿನವ್ರಲ್ಲದ ಬೇರೆಯವ್ರಿಗೂ ಸೀಟ್ ಕೊಡ್ತಾರೆ. ಅಕ್ಕನ ಮಗಳಿಗೆ ಲಿಂಕ್ ಕಳ್ಸಿದೀನಿ. ಬುಟ್ಟಿ ಹೆಣೆಯೋ ಕ್ಲಾಸಿಗೂ ಸೇರ್ಕೋ ಅಂತ ಹೇಳಿದೀನಿ.