ಹಳೇ ಮೈಫೋರ್ಡ್ ಲೇತ್: ಬೆಡ್ ಎಲ್ಲಿ ಸವೆದಿದೆ ಅಂತ ನೋಡಿ

ಬೆಡ್ (ಲೋಹ ಕಡೆಯುವ ಲೇತ್‌ನ ಉದ್ದನೆಯ ತಳ) ಸವೆದ ಹಳೇ ಲೇತ್ ಕಂಡ ಕೂಡಲೇ ಗುಜರಿ ರೇಟು ಕಟ್ಟುವುದು ತಪ್ಪು. ಸವೆತ ಎಷ್ಟು ಅನ್ನೋದಕ್ಕಿಂತ ಎಲ್ಲಿ ಅನ್ನೋದು ಮುಖ್ಯ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್‌ನಿಂದ 1946ರಲ್ಲಿ ಬಂದ ಮೈಫೋರ್ಡ್ ಕಂಪನಿಯ ಎಂಎಲ್7 ಲೇತ್ ನೋಡಿ. ಸೆಂಟರ್ ಎತ್ತರ (ಬೆಡ್‌ನಿಂದ ತಿರುಗುವ ಅಕ್ಷದವರೆಗೆ) 3½ ಇಂಚು. ಅರ್ಧ ಹೆಚ್‌ಪಿ ಮೋಟರ್ ಸಾಕು. ಮನೆಯ ಶೆಡ್ಡಿನಲ್ಲಿ ಪುಟ್ಟ ಉಗಿ ಎಂಜಿನ್ ಕಟ್ಟುವ ಹವ್ಯಾಸಿಗಳ ಕೈಗೆ ಸರಿಯಾಗಿ ಹೊಂದಿದ ಮಷೀನು ಅದು.

ಬೆಡ್‌ಗೆ ಎರಡು ಚಪ್ಪಟೆ ಹಳಿ. ಮೊದಲ ವಿನ್ಯಾಸದಲ್ಲಿ ಸ್ಯಾಡಲ್ (ಹಳಿ ಮೇಲೆ ಜಾರುತ್ತಾ ಟೂಲ್ ಹೊರುವ ಭಾಗ) ಅಡ್ಡಕ್ಕೆ ಅಲುಗದಂತೆ ಹಿಡಿಯುತ್ತಿದ್ದದ್ದು ಮುಂದಿನ ಹಳಿಯ ಎರಡು ಪಕ್ಕಗಳು ಮಾತ್ರ. ಕಿರಿದಾದ ಹಿಡಿತವಿದ್ದರೆ ಸ್ಯಾಡಲ್ ಓರೆಯಾಗಿ ಸಿಕ್ಕಿಕೊಳ್ಳಲ್ಲ ಅನ್ನೋದು ಲೆಕ್ಕ. ಲೆಕ್ಕ ಸರಿಯೇ, ಆದರೆ ಕೆಲಸವೆಲ್ಲ ನಡೆಯೋದು ಜಾಬ್ (ಕಡೆಯುವ ತುಂಡು) ಹಿಡಿಯುವ ಚಕ್ ಹತ್ತಿರ, ಹಾಗಾಗಿ ಆ ಒಂದೇ ಹಳಿ ಅಲ್ಲೇ ಸವೆಯುತ್ತೆ. ಚಕ್ ಬಳಿ ಗಿಬ್ (ಸ್ಯಾಡಲ್‌ನ ಸಡಿಲ ತೆಗೆಯುವ ಪಟ್ಟಿ) ಬಿಗಿ ಮಾಡಿದರೆ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆ ಸ್ಯಾಡಲ್ ಕಚ್ಚಿಕೊಳ್ಳುತ್ತೆ. ಸಡಿಲ ಬಿಟ್ಟರೆ ಟೂಲ್ ನಡುಗಿ ಜಾಬ್ ಮೇಲೆ ಗೆರೆ ಬೀಳುತ್ತೆ.

ಇಷ್ಟೆಲ್ಲ ಆದರೂ ಹಿಂದಿನ ಹಳಿಯ ಹೊರಪಕ್ಕವನ್ನು ಸ್ಯಾಡಲ್ ಮುಟ್ಟಿಯೇ ಇರಲ್ಲ, ಅದು ಹೊಸದರಂತೆ ಉಳಿದಿರುತ್ತೆ. ಕಂಪನಿಯೇ ಮುಂದೆ ಆ ಪಕ್ಕವನ್ನು ಬಳಸಿಕೊಂಡು ವಿನ್ಯಾಸ ಬದಲಿಸಿತು. ಹಳೇ ಲೇತ್‌ಗೂ ಅದನ್ನೇ ಮಾಡಬಹುದು. ಸ್ಯಾಡಲ್‌ಗೂ ಆ ಪಕ್ಕಕ್ಕೂ ನಡುವಿನ ಸಂದನ್ನು ಎರಡೂ ತುದಿಯಲ್ಲಿ ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ಅಳೆದು, ಅಷ್ಟೇ ದಪ್ಪದ ಗ್ರೈಂಡ್ ಮಾಡಿದ ಉಕ್ಕಿನ ಪಟ್ಟಿಯನ್ನು ಸ್ಯಾಡಲ್ ಒಳಗೆ ಎಪಾಕ್ಸಿ ಮತ್ತು ಕೌಂಟರ್‌ಸಿಂಕ್ ಸ್ಕ್ರೂ ಹಾಕಿ ಕೂರಿಸಬೇಕು. ಪಟ್ಟಿ ಒಂದು ತುದಿಯಲ್ಲಿ ಒಂದೆರಡು ಥೌ (ಇಂಚಿನ ಸಾವಿರದ ಒಂದು ಭಾಗ) ದಪ್ಪವಾದರೂ ಸ್ಯಾಡಲ್ ತಿರುಚುತ್ತೆ. ಕೂರಿಸಿದ ಮೇಲೆ ಅಗಲವಾದ ಜಾಬ್ ಒಂದನ್ನು ಫೇಸಿಂಗ್ ಮಾಡಿ, ಅಂದರೆ ಮುಖ ಚಪ್ಪಟೆಯಾಗಿ ಕಡೆದು, ಸ್ಟ್ರೇಟ್‌ಎಡ್ಜ್ ಇಡಿ. ನಡುವೆ ಕೂದಲೆಳೆಯಷ್ಟು ತಗ್ಗಿದ್ದರೆ ಪರವಾಗಿಲ್ಲ, ಉಬ್ಬಿದ್ದರೆ ಪಟ್ಟಿ ಬಿಚ್ಚಿ ಮತ್ತೆ ಸರಿ ಮಾಡಿ.

ಹೆಡ್‌ಸ್ಟಾಕ್ (ಚಕ್ ತಿರುಗಿಸುವ ಸ್ಪಿಂಡಲ್ ಇರುವ ಭಾಗ) ಕೂಡ ರಿಪೇರಿಯಾಗುವಂಥದ್ದೇ. ಎಂಎಲ್7ನದು ವೈಟ್ ಮೆಟಲ್ (ಮೆದು ಮಿಶ್ರಲೋಹ) ಬೇರಿಂಗ್, ಕ್ಯಾಪ್ ಕೆಳಗೆ ಪದರ ಪದರದ ಶಿಮ್ (ತೆಳು ತಗಡು). ಬೆಲ್ಟ್ ತೆಗೆದು, ಸ್ಪಿಂಡಲ್ ರಂಧ್ರಕ್ಕೆ ಮರದ ಕೋಲು ತೂರಿಸಿ ಮೆಲ್ಲಗೆ ಎತ್ತಿ. ಸ್ಪಿಂಡಲ್ ಮೇಲಿಟ್ಟ ಡಯಲ್ ಗೇಜ್ 2 ಥೌ ದಾಟಿದರೆ ಎರಡೂ ಕಡೆ ಸಮವಾಗಿ ಒಂದೊಂದೇ ಪದರ ಸುಲಿಯಿರಿ. ಆಸೆಬಿದ್ದು ಜಾಸ್ತಿ ಸುಲಿದರೆ ಎಣ್ಣೆಗೆ ಜಾಗವಿಲ್ಲದೆ ಕಾದು ವೈಟ್ ಮೆಟಲ್ ಬಳಿದುಹೋಗುತ್ತೆ. ಆ ಬೇರಿಂಗ್‌ಗೆ ಹಾಕಬೇಕಾದದ್ದು ಐಎಸ್‌ಒ 32 (ಎಣ್ಣೆಯ ಮಂದತೆಯ ಗ್ರೇಡ್) ಹೈಡ್ರಾಲಿಕ್ ಎಣ್ಣೆ, ಬೆಡ್‌ಗೆ 68ರ ಸ್ಲೈಡ್‌ವೇ ಎಣ್ಣೆ. ಗ್ರೀಸ್ ಮಾತ್ರ ಎರಡು ಕಡೆಗೂ ಬೇಡ, ಚೂರುಗಳು ಅದಕ್ಕೆ ಅಂಟಿ ಹಳಿಯನ್ನು ಉಜ್ಜುತ್ತಾ ಹೋಗುತ್ತವೆ.